ಚಿಕಿತ್ಸೆ ಮುಗಿದ ಮೇಲೂ ಉಳಿಯುವ ಭಯ: ಫೋನಿನಲ್ಲೇ ಸಿಗುವ ನೆರವು



ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋಥೆರಪಿ ಮುಗಿಸಿ ಬಂದ ಹಿರಿಯ ಹೆಂಗಸರಿಗೆ ನಾವು "ಗುಣವಾಯಿತಲ್ಲ, ಇನ್ನೇನು ಚಿಂತೆ" ಎನ್ನುತ್ತೇವೆ. ಆದರೆ ಭಯ ಅಷ್ಟು ಬೇಗ ಬಿಡುವುದಿಲ್ಲ. ತಪಾಸಣೆಯ ದಿನ ಹತ್ತಿರ ಬಂದಂತೆ ನಿದ್ದೆ ಹಾರುತ್ತದೆ. ಬೆನ್ನು ನೋವು ಬಂದರೂ ಕಾಯಿಲೆ ಮರಳಿತೇನೋ ಎಂಬ ಅನುಮಾನ. ಹಲವರು ಹಾರ್ಮೋನ್ ಮಾತ್ರೆಯನ್ನು 5ರಿಂದ 10 ವರ್ಷ ನುಂಗಬೇಕು. ಮನಸ್ಸು ಕುಗ್ಗಿದವರು ಅದನ್ನು ನಡುವೆಯೇ ಬಿಡುವುದುಂಟು. ನಿಜವಾದ ಅಪಾಯ ಇಲ್ಲಿದೆ.

ತಾಯಲೂರಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರಲು ಒಂದು ದಿನವೇ ಬೇಕು. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಮನಸ್ಸಿನ ದುಗುಡ ಹೇಳಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ. ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನ್ ಸಾಕು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಬದುಕೇ ಬೇಡ ಎನ್ನುವ ಮಾತು ಬಂದರೆ ಅದೇ ಗಳಿಗೆಯಲ್ಲಿ ಕರೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ನೆಟ್ಟಗೆ ಕುಳಿತು ನಾಲ್ಕು ಎಣಿಸುವವರೆಗೆ ಉಸಿರು ಒಳಗೆಳೆದು, ಆರು ಎಣಿಸುತ್ತಾ ನಿಧಾನವಾಗಿ ಬಿಡಬೇಕು. ಬೆಳಿಗ್ಗೆ, ರಾತ್ರಿ ಐದೈದು ನಿಮಿಷ ಮಾಡಿದರೆ ಎದೆಬಡಿತ ಇಳಿಯುತ್ತದೆ. ವೈದ್ಯರು ಬೇಡವೆನ್ನದಿದ್ದರೆ ದಿನಾ ಸ್ವಲ್ಪ ನಡಿಗೆ ಇರಲಿ. ಕಾಡುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಪಾಸಣೆಗೆ ಹೋದಾಗ ಕೇಳಿದರೆ ತಲೆಯ ಭಾರ ಕಡಿಮೆಯಾಗುತ್ತದೆ. ಆದರೆ ಹೊಸ ಗಂಟು, ತೋಳಿನ ಊತ, ವಾರಗಟ್ಟಲೆ ಬಿಡದ ಮೂಳೆ ನೋವು ಕಂಡರೆ ಫೋನ್ ಸಾಲದು; ವೈದ್ಯರಿಗೇ ತೋರಿಸಬೇಕು.

ಮಕ್ಕಳಿಗೆ ಒಂದು ಮಾತು: ನಿಮ್ಮ ನಾನಿಗೋ ದಾದಿಗೋ ನಂಬರ್ ಒತ್ತಿಕೊಡಿ, ನಂತರ ಬಾಗಿಲು ಮುಂದೆ ಮಾಡಿ ಹೊರಗೆ ಬನ್ನಿ. ಸೊಸೆ, ಮೊಮ್ಮಕ್ಕಳ ಮುಂದೆ ಅವರು ಎಲ್ಲವನ್ನೂ ಹೇಳಲಾರರು.

ಪೋಷಕರೇ, ಮನೆಯಲ್ಲಿ ಕಾಯಿಲೆ ಬಂದಾಗ ಮೊದಲು ಶಾಲೆ ತಪ್ಪುವುದು ಹೆಣ್ಣುಮಗುವಿಗೆ. ಇಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ಕಂಡದ್ದನ್ನೇ ಹೇಳುತ್ತಿದ್ದೇನೆ. ಆರೈಕೆಯನ್ನು ಮನೆಯವರೆಲ್ಲ ಹಂಚಿಕೊಳ್ಳಿ. ದಾನಿಗಳೇ, ಔಷಧಿಗೆ ನೆರವಾಗುವಾಗ ಬಸ್ ಚಾರ್ಜು, ಫೋನ್ ರೀಚಾರ್ಜು ಕೂಡ ಚಿಕಿತ್ಸೆಯ ಖರ್ಚೇ ಎಂಬುದು ನೆನಪಿರಲಿ.