ಹಳೆಯ ವಿಂಡೋಸ್ ಕಂಪ್ಯೂಟರಿಗೆ ಇನ್ನಷ್ಟು ವರ್ಷ

ಕಂಪ್ಯೂಟರಿಗೆ ವಯಸ್ಸಾಗುವುದು ಎರಡು ಬಗೆಯಲ್ಲಿ. ಒಂದು, ಯಂತ್ರ ನಿಧಾನವಾಗುವುದು: ಗುಂಡಿ ಒತ್ತಿ ಐದು ನಿಮಿಷವಾದರೂ ಪರದೆ ಸಿದ್ಧವಾಗದು, ಕಡತವೊಂದನ್ನು ತೆರೆಯಲು ಹೋದರೆ ಬಾಣದ ಜಾಗದಲ್ಲಿ ಉಂಗುರ ಸುತ್ತುತ್ತಲೇ ಇರುತ್ತದೆ. ಇನ್ನೊಂದು, ಒಳಗಿರುವ ವಿಂಡೋಸ್‌ನ ಅವಧಿ ಮುಗಿಯುವುದು. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಬೆಂಬಲವನ್ನು 2014ರ ಏಪ್ರಿಲ್ 8ರಂದು, ವಿಂಡೋಸ್ 7ರ ಬೆಂಬಲವನ್ನು 2020ರ ಜನವರಿ 14ರಂದು, 8.1ರದ್ದನ್ನು 2023ರ ಜನವರಿ 10ರಂದು ನಿಲ್ಲಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿಯೂ ಬಂತು. ಈ ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ‘ವೇಗ ಹೆಚ್ಚಿಸುವ’ ತಂತ್ರಾಂಶವೊಂದನ್ನು ತಂದು ಹಾಕಿದರೆ ಯಾವುದೂ ಸರಿಹೋಗುವುದಿಲ್ಲ.

ನಿಧಾನಗತಿಯನ್ನು ಮೊದಲು ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಅಲ್ಲೇ ಕಾಣುತ್ತದೆ. ವಿಂಡೋಸ್ 7ರಲ್ಲಿ ಡಿಸ್ಕ್‌ನ ಲೆಕ್ಕಕ್ಕೆ ರಿಸೋರ್ಸ್ ಮಾನಿಟರ್ ತೆರೆಯಬೇಕು. ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್ ಹತ್ತಿಪ್ಪತ್ತು ಶೇಕಡದಲ್ಲಿ ಆರಾಮವಾಗಿದ್ದು, ಡಿಸ್ಕ್ ಮಾತ್ರ ನೂರಕ್ಕೆ ಅಂಟಿಕೊಂಡಿರುವ ದೃಶ್ಯ ತೀರಾ ಸಾಮಾನ್ಯ. ಹಾರ್ಡ್ ಡಿಸ್ಕ್‌ನೊಳಗೆ ಗ್ರಾಮಫೋನಿನ ಹಾಗೆ ತಿರುಗುವ ತಟ್ಟೆಯೂ ಅದರ ಮೇಲೆ ಆಚೀಚೆ ಸರಿಯುವ ತೋಳೂ ಇರುತ್ತವೆ. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ; ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ತುಣುಕು ತೋಳಿನ ಕೆಳಗೆ ಬರುವವರೆಗೂ ಕಾಯಲೇಬೇಕಾದ್ದರಿಂದ ಚದುರಿಹೋದ ಸಣ್ಣ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಲು ಸಾಧ್ಯ. ವಿಂಡೋಸ್ ಶುರುವಾಗುವಾಗ ಓದಬೇಕಾದವು ಸಾವಿರಾರು.

ಹಾರ್ಡ್ ಡಿಸ್ಕ್‌ನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮುಗಿಸುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರಿಗೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ಅದು ಎಸ್‌ಎಸ್‌ಡಿಗೇ ಆಗಬೇಕು. ಬೇರೆ ಯಾವ ಕಸರತ್ತೂ ಇದರ ಹತ್ತಿರ ಬರುವುದಿಲ್ಲ. ಸಾಟಾ ಹಾರ್ಡ್ ಡಿಸ್ಕ್ ಇರುವ ಬಹುಪಾಲು ಯಂತ್ರಗಳಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶದಿಂದ ಹಳೆಯ ಡಿಸ್ಕ್‌ನಲ್ಲಿರುವುದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ಇಳಿಸಬಹುದು, ಹೊಸ ಡಿಸ್ಕ್‌ನ ಗಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದಷ್ಟೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ‘ಟ್ರಿಮ್’ ಎಂಬ ಏರ್ಪಾಡು ವಿಂಡೋಸ್ 7ರಿಂದೀಚೆಗೆ ಮಾತ್ರ ಇದೆ, ಎಕ್ಸ್‌ಪಿಯಲ್ಲಿ ಇಲ್ಲ. ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಎಂಬ ಹಳೆಯ ಅಭ್ಯಾಸ ತಿರುಗುವ ಡಿಸ್ಕ್‌ಗೆ ಹೇಳಿ ಮಾಡಿಸಿದ್ದು. ಎಸ್‌ಎಸ್‌ಡಿಗೆ ಅದರಿಂದ ಲಾಭವಿಲ್ಲ, ಸವೆತ ಮಾತ್ರ.

ಡಿಸ್ಕ್ ಬದಲಿಸುವುದಿರಲಿ ಬಿಡಲಿ, ಇರುವ ಡಿಸ್ಕ್‌ನ ಆರೋಗ್ಯವನ್ನು ಒಮ್ಮೆ ನೋಡಲೇಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಜಪಾನಿನ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ‘ಸ್ಮಾರ್ಟ್’ ದಾಖಲೆಯನ್ನು ಅದು ಓದಿ, ಚೆನ್ನಾಗಿದ್ದರೆ ನೀಲಿ, ಸಂಶಯವಿದ್ದರೆ ಹಳದಿ ಬಣ್ಣ ತೋರಿಸುತ್ತದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಬ್ಯಾಕಪ್ ತೆಗೆಯಬೇಕು. ಎಷ್ಟೋ ಕಡೆ ‘ವಿಂಡೋಸ್ ಕೆಟ್ಟಿದೆ’ ಎಂದು ಫಾರ್ಮ್ಯಾಟ್ ಮಾಡಿಸುವ ಯಂತ್ರಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಡಿಸ್ಕ್.

ರ್‍ಯಾಮ್ ಹೆಚ್ಚಿಸುವುದೂ ಫಲ ಕೊಡುತ್ತದೆ, ಆದರೆ ಒಂದು ಮಿತಿಯಿದೆ. 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸದು. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಸಾಧನಗಳ ವಿಳಾಸಕ್ಕೆ ಹೋಗಿ ಮೂರೂ ಚಿಲ್ಲರೆಯಷ್ಟೇ ಉಳಿಯುತ್ತದೆ. ವಿಂಡೋಸ್ 10ಕ್ಕೆ, ಬ್ರೌಸರ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ, 64 ಬಿಟ್ ಆವೃತ್ತಿ ಮತ್ತು 8 ಜಿಬಿ ಸಾಕು.

ಪೆಟ್ಟಿಗೆ ಬಿಚ್ಚಿದಾಗ ನೋಡಬೇಕಾದವು ಇನ್ನೆರಡಿವೆ. ಫ್ಯಾನಿಗೂ ಅದರಡಿಯ ಲೋಹದ ರೆಕ್ಕೆಗಳಿಗೂ ದೂಳು ಮೆತ್ತಿಕೊಂಡರೆ ಪ್ರೊಸೆಸರ್ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಇನ್ನೊಂದು, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್ 2032 ಬ್ಯಾಟರಿ. ಅದು ಮುಗಿದರೆ ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಕೊನೆಯ ದಿನ ಇರುವುದರಿಂದ ತಾರೀಖು ತಪ್ಪಾದರೆ ಎಲ್ಲ ತಾಣವೂ ‘ಸುರಕ್ಷಿತವಲ್ಲ’ ಎಂದು ತೋರುತ್ತದೆ. ವೈರಸ್ ಬಂದಿದೆ ಎಂದು ಗಾಬರಿಯಾಗುವ ಮುನ್ನ ಪರದೆಯ ಮೂಲೆಯ ಗಡಿಯಾರ ನೋಡುವುದು ಒಳ್ಳೆಯದು.

ಇನ್ನು ಖರ್ಚಿಲ್ಲದ ಕೆಲಸಗಳು. ಪ್ರಿಂಟರ್, ಮೊಬೈಲ್, ಚಾಟ್, ಆಟ, ಹೀಗೆ ಯಾವ ತಂತ್ರಾಂಶ ಹಾಕಿದರೂ ಅದು ಕಂಪ್ಯೂಟರಿನ ಜೊತೆಗೇ ಶುರುವಾಗುವ ಹಕ್ಕನ್ನು ತಾನೇ ಪಡೆದುಕೊಳ್ಳುತ್ತದೆ. ವಿಂಡೋಸ್ 8ರಿಂದೀಚೆಗೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ, 7ರಲ್ಲಿ ಎಂಎಸ್‌ಕಾನ್ಫಿಗ್‌ನಲ್ಲಿ ಇವನ್ನು ನಿಲ್ಲಿಸಬಹುದು. ಇನ್ನೂ ಆಳಕ್ಕೆ ಹೋಗಬೇಕೆಂದರೆ ಆಟೋರನ್ಸ್ ಇದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಸರಣಿಯ ತಂತ್ರಾಂಶ ಇದು; 2006ರಲ್ಲಿ ಮೈಕ್ರೋಸಾಫ್ಟೇ ಆ ಸರಣಿಯನ್ನು ಕೊಂಡುಕೊಂಡು ಇಂದಿಗೂ ಉಚಿತವಾಗಿ ಕೊಡುತ್ತಿದೆ. ವಿಂಡೋಸ್ ಜೊತೆಗೆ ತಾನಾಗಿ ಏಳುವ ಪ್ರತಿಯೊಂದನ್ನೂ ಅದು ಪಟ್ಟಿ ಮಾಡುತ್ತದೆ. ಇಲ್ಲಿ ಸಾಲನ್ನು ಅಳಿಸಬಾರದು, ಎದುರಿನ ಟಿಕ್ ತೆಗೆದರೆ ಸಾಕು. ಏನಾದರೂ ಎಡವಟ್ಟಾದರೆ ಮತ್ತೆ ಹಾಕಬಹುದು.

ಕಿಟಕಿಗಳು ಜಾರುವ, ನೆರಳು ಬೀಳುವ ಅಲಂಕಾರವನ್ನು ತೆಗೆದರೆ ದುರ್ಬಲ ಗ್ರಾಫಿಕ್ಸ್ ಇರುವ ಯಂತ್ರ ತುಸು ಹಗುರಾಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ವಿಭಾಗದಲ್ಲಿ, ಅಡ್ವಾನ್ಸ್‌ಡ್ ಪುಟದ ಪರ್ಫಾರ್ಮೆನ್ಸ್ ಎಂಬಲ್ಲಿ ಇದರ ಆಯ್ಕೆಯಿದೆ. ಅಲ್ಲಿ ‘ಬೆಸ್ಟ್ ಪರ್ಫಾರ್ಮೆನ್ಸ್’ ಒತ್ತಿದರೆ ಎಲ್ಲ ಟಿಕ್‌ಗಳೂ ಒಟ್ಟಿಗೆ ಹೋಗುತ್ತವೆ, ಅಕ್ಷರದ ಅಂಚನ್ನು ನಯಗೊಳಿಸುವ ಟಿಕ್ ಕೂಡ. ಇಂಗ್ಲಿಷ್ ಓದುವವರಿಗೆ ಅದು ಅಷ್ಟಾಗಿ ಕಾಣದು; ಕನ್ನಡದ ಒತ್ತಕ್ಷರಗಳು ಮಾತ್ರ ಮುರಿದು ಚುಕ್ಕಿಗಳಾಗುತ್ತವೆ. ಆ ಒಂದು ಟಿಕ್ಕನ್ನು ಉಳಿಸಿಕೊಳ್ಳಬೇಕು. ಹಾಗೆಯೇ, ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ನಿಂದಾಗಿ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಪೂರ್ತಿ ಆರುವುದಿಲ್ಲ, ಅದರ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಬ್ಬಿಸಲಾಗುತ್ತದೆ. ಯಂತ್ರ ವಿಚಿತ್ರವಾಗಿ ಆಡತೊಡಗಿದರೆ ಆರಿಸಿ ಹಚ್ಚುವುದಕ್ಕಿಂತ ರೀಸ್ಟಾರ್ಟ್ ಮಾಡುವುದು ಸರಿಯಾದ ದಾರಿ.

ಬೇಡವೇ ಬೇಡ ಎನ್ನಬೇಕಾದ ಒಂದು ಗುಂಪಿದೆ: ರಿಜಿಸ್ಟ್ರಿ ಶುದ್ಧಿ ಮಾಡುವವು, ಡ್ರೈವರ್ ಹುಡುಕಿ ಕೊಡುತ್ತೇವೆಂದು ಬಿಂಬಿಸುವವು, ಒಂದೇ ಕ್ಲಿಕ್ಕಿಗೆ ವೇಗ ಹೆಚ್ಚಿಸುವವು. ರಿಜಿಸ್ಟ್ರಿಯಲ್ಲಿ ಉಳಿದುಹೋದ ನೂರು ಹಳೆಯ ನಮೂದುಗಳಿಂದ ಯಂತ್ರಕ್ಕೆ ಭಾರವೇನೂ ಆಗುವುದಿಲ್ಲ, ತಪ್ಪಾಗಿ ಅಳಿಸಿದ ಒಂದರಿಂದ ತೊಂದರೆ ಖಂಡಿತ. ಹೆಸರುವಾಸಿಯಾದವೂ ನಂಬಿಕೆಗೆ ಅರ್ಹವಲ್ಲ. ಕೋಟ್ಯಂತರ ಜನ ಬಳಸುತ್ತಿದ್ದ ಸಿಕ್ಲೀನರ್‌ನ 5.33ನೆಯ ಆವೃತ್ತಿಯೊಳಗೆ 2017ರಲ್ಲಿ ಕಳ್ಳರು ದುಷ್ಟ ತಂತ್ರಾಂಶ ಸೇರಿಸಿದ್ದರು. ಅದು ಕಂಪನಿಯ ಅಧಿಕೃತ ತಾಣದಿಂದಲೇ 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಲುಪಿತು. ಕಸ ತೆಗೆಯಲು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಕ್ಲೀನಪ್ ಸಾಕು.

ದಿನಬಳಕೆಗೆ ಹಗುರವಾದ ತಂತ್ರಾಂಶಗಳಿಗೆ ಕೊರತೆಯಿಲ್ಲ. ಪಿಡಿಎಫ್ ಓದಲು ಸುಮಾತ್ರಾ, ವಿಡಿಯೊಗೆ ವಿಎಲ್‌ಸಿ, ಜಿಪ್ ಕಡತ ಬಿಚ್ಚಲು 7-ಜಿಪ್, ಕಡತ ಹುಡುಕಲು ಎವೆರಿಥಿಂಗ್. ಎಲ್ಲವೂ ಉಚಿತ, ಎಲ್ಲವೂ ಪುಟ್ಟವು. ಎವೆರಿಥಿಂಗ್ ಮಾತ್ರ ಒಂದು ಮಾತು ಹೆಚ್ಚಿಗೆ ಹೇಳಿಸಿಕೊಳ್ಳುವ ಯೋಗ್ಯತೆಯುಳ್ಳದ್ದು. ಪ್ರತಿ ಫೋಲ್ಡರನ್ನೂ ತೆರೆದು ಜಾಲಾಡದೆ ಡಿಸ್ಕ್‌ನ ಸೂಚಿಯನ್ನೇ ನೇರವಾಗಿ ಓದುವುದರಿಂದ ಹೆಸರು ಬೆರಳಚ್ಚಿಸುತ್ತಿದ್ದಂತೆಯೇ ಕಡತ ಎದುರಿಗಿರುತ್ತದೆ.

ಹಳೆಯ ಯಂತ್ರ ನಿಜವಾಗಿ ಏದುಸಿರು ಬಿಡುವುದು ಬ್ರೌಸರಿನಲ್ಲಿ. ಜಾಹೀರಾತುಗಳೇ ಪುಟದ ಅರ್ಧ ಭಾರವಾಗಿರುವ ಕಾಲವಿದು. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಸೇರ್ಪಡೆ ಹಾಕಿದರೆ ಆ ಭಾರ ಇಳಿಯುತ್ತದೆ. ಯೂಟ್ಯೂಬ್ ತಡವರಿಸುವುದಕ್ಕೆ ಬೇರೆಯೇ ಕಾರಣ. ಅದು ವಿಡಿಯೊವನ್ನು ವಿಪಿ9, ಎವಿ1 ಎಂಬ ಹೊಸ ರೂಪಗಳಲ್ಲಿ ಕಳುಹಿಸುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಅವು ಗೊತ್ತಿಲ್ಲದೆ ಎಲ್ಲ ಹೊರೆಯೂ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264ಐಫೈ ಎಂಬ ಸೇರ್ಪಡೆ ಹಳೆಯ ಎಚ್.264 ರೂಪವನ್ನೇ ಕೇಳಿ ತರಿಸುತ್ತದೆ, ವಿಡಿಯೊ ಸರಾಗವಾಗುತ್ತದೆ.

ಬ್ರೌಸರಿನ ಮಾತು ಬಂದಲ್ಲಿಗೆ ಎರಡನೆಯ ಸಮಸ್ಯೆ, ಅಂದರೆ ಬೆಂಬಲ ಮುಗಿದ ವಿಂಡೋಸ್, ಎದುರಾಗುತ್ತದೆ. ವಿಂಡೋಸ್ 7ಕ್ಕೆ ಕ್ರೋಮ್‌ನ 109ನೆಯ ಆವೃತ್ತಿಯೇ ಕೊನೆ, ಎಕ್ಸ್‌ಪಿಗೆ 49. ಫೈರ್‌ಫಾಕ್ಸ್‌ನ 115 ಇಎಸ್‌ಆರ್ ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುತ್ತದೆ. ಅದರ ಗಡುವನ್ನು ಮೊಜಿಲಾ ಹಲವು ಬಾರಿ ಮುಂದೂಡಿದೆ. ನಂಬಬಹುದಾದ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ಫೈರ್‌ಫಾಕ್ಸ್ ತನ್ನೊಳಗೇ ಇಟ್ಟುಕೊಂಡಿರುವುದು ಹಳೆಯ ವಿಂಡೋಸ್‌ಗೆ ದೊಡ್ಡ ಅನುಕೂಲ. ಜಾಲತಾಣಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಪಟ್ಟಿ ಹೊಸದಾಗದೆ ಉಳಿದಿದ್ದ ಹಳೆಯ ಸಾಧನಗಳಲ್ಲಿ ಅಸಂಖ್ಯ ತಾಣಗಳು ತೆರೆಯದಾದವು. ಎಕ್ಸ್‌ಪಿ, 7ರಂಥ ಆವೃತ್ತಿಗಳನ್ನು ಹೊಸದಾಗಿ ಹಾಕಿದಾಗ, ಹಿಂದೆ ಬಿಡುಗಡೆಯಾಗಿದ್ದ ಅಪ್‌ಡೇಟ್‌ಗಳನ್ನು ಒಟ್ಟುಗೂಡಿಸಿ ಕೊಡಲು ಲೆಗಸಿ ಅಪ್‌ಡೇಟ್ ಎಂಬ ಸ್ವಯಂಸೇವಕರ ಯೋಜನೆ ಇದೆ. ಆದರೆ ಅದು ಇದ್ದದ್ದನ್ನು ಕೊಡಬಲ್ಲದು, ಬೆಂಬಲ ನಿಂತ ಮೇಲೆ ಕಂಡುಬಂದ ಬಿರುಕುಗಳನ್ನು ಮುಚ್ಚಲಾರದು.

ಮುಚ್ಚದೆ ಬಿಟ್ಟ ಬಿರುಕುಗಳ ಬೆಲೆ ಏನೆಂಬುದನ್ನು 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ತೋರಿಸಿತು. ಅದು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬಲಿಯಾದವುಗಳಲ್ಲಿ ಬಹುಪಾಲು ಎಕ್ಸ್‌ಪಿ ಅಲ್ಲ, ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7. ತೇಪೆ ಮಾರ್ಚ್ ತಿಂಗಳಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ವಿಂಡೋಸ್ 10 ಇರುವವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿದೆ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ಅದಕ್ಕೆ ಹಣ ಕೊಡಬೇಕಿಲ್ಲ. ಎಕ್ಸ್‌ಪಿ, 7ಕ್ಕೆ ಅಂಥ ದಾರಿ ಉಳಿದಿಲ್ಲ. ಅವುಗಳಿಗೆ ಅತ್ಯುತ್ತಮ ಆಂಟಿವೈರಸ್ ಎಂದರೆ ನೆಟ್ಟಿನ ಕೇಬಲ್ ಕಿತ್ತಿಡುವುದು.

ಕಿತ್ತಿಟ್ಟರೂ ನಡೆಯುವ ಕೆಲಸ ಬೇಕಾದಷ್ಟಿದೆ. ಕರ್ನಾಟಕದ ಎಷ್ಟೋ ಡಿಟಿಪಿ ಕೇಂದ್ರಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಹಳೆಯ ಯಂತ್ರ ಉಳಿದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಪೇಜ್‌ಮೇಕರ್ 7, ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳು, ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಪುಸ್ತಕ, ಬಿಲ್‌ಬುಕ್ಕುಗಳ ಕಡತಗಳು ಒಂದಕ್ಕೊಂದು ಹೆಣೆದುಕೊಂಡಿವೆ. 2001ರ ಪೇಜ್‌ಮೇಕರ್ 7ರ ನಂತರ ಅಡೋಬಿ ಹೊಸ ಆವೃತ್ತಿ ತರಲಿಲ್ಲ, ಅದಕ್ಕೆ ಯುನಿಕೋಡ್ ಕನ್ನಡವೂ ಗೊತ್ತಿಲ್ಲ. ಇಂಥ ಕಡೆ ಆ ಯಂತ್ರ ಕೈಕೊಡುವ ಮೊದಲೇ ಅದರ ಪ್ರತಿರೂಪ ತೆಗೆದಿಡುವುದು ಜಾಣತನ. ಸಿಸ್‌ಇಂಟರ್ನಲ್ಸ್‌ನ ಡಿಸ್ಕ್2ವಿಎಚ್‌ಡಿ, ನಡೆಯುತ್ತಿರುವ ವಿಂಡೋಸನ್ನು ಇದ್ದ ಹಾಗೆಯೇ ಒಂದೇ ಕಡತವಾಗಿ ಬರೆದುಕೊಡುತ್ತದೆ. ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಡ್ರೈವರುಗಳನ್ನು ತುಸು ಸರಿಪಡಿಸಿಕೊಂಡರೆ, ಹಳೆಯ ಯಂತ್ರ ಅದರೊಳಗೆ ಒಂದು ಕಿಟಕಿಯಾಗಿ ತೆರೆದುಕೊಳ್ಳುತ್ತದೆ. ಇದರ ಜೊತೆಗೇ ಹಳೆಯ ಫಾಂಟಿನ ಪಠ್ಯವನ್ನು ಪರಿವರ್ತಕಗಳ ಮೂಲಕ ಯುನಿಕೋಡಿಗೆ ತಂದಿಟ್ಟುಕೊಳ್ಳಬೇಕು. ಅರ್ಕಾವತ್ತಿನಲ್ಲಿ ಅಲ್ಲಲ್ಲಿ ತಪ್ಪು ಉಳಿಯುವುದರಿಂದ ಒಮ್ಮೆ ಕರಡು ತಿದ್ದುವ ಶ್ರಮ ತಪ್ಪದು. ಡಾಸ್ ಕಾಲದ ಲೆಕ್ಕಪತ್ರದ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ, ಅವುಗಳಿಗೆ ಡಾಸ್‌ಬಾಕ್ಸ್ ನೋಡಬಹುದು.

ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹಾಕುವ ಆಸೆಯೂ ಸಹಜ. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡನ್ನು ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನಿಂದ ಈಚೆಯದು ಬೇಕೆನ್ನುತ್ತದೆ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಮಾಡುವಾಗ ಈ ತಪಾಸಣೆಗಳನ್ನು ದಾಟಿಸುವ ಆಯ್ಕೆಯಿದೆ. ಹಾಗೆ ಹಾಕಿದರೆ ಮುಂದಿನ ಅಪ್‌ಡೇಟ್‌ಗಳಿಗೆ ಖಾತರಿಯಿಲ್ಲ. ಕೋರ್ 2 ಡ್ಯುಯೊ ಕಾಲದ ಪ್ರೊಸೆಸರುಗಳಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಶುರುವಾಗುವುದೇ ಇಲ್ಲ, ಅದಕ್ಕೆ ಬೇಕಾದ ಒಂದು ಆದೇಶ ಆ ಚಿಪ್‌ಗಳಲ್ಲಿಲ್ಲ. ಯಾರೋ ಕತ್ತರಿಸಿ ಹಗುರ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ವಿಂಡೋಸ್ ಇವುಗಳ ಒಳಗೆ ಏನು ಸೇರಿದೆ ಎಂದು ಹಾಕಿಕೊಟ್ಟವರಿಗೂ ತಿಳಿದಿರುವುದಿಲ್ಲ.

ಬ್ರೌಸರ್, ಪತ್ರ ಬರಹ, ವಿಡಿಯೊ ಇಷ್ಟೇ ಕೆಲಸವಾಗಿದ್ದರೆ ಹೀಗೆ ಹೊಸ ವಿಂಡೋಸ್ ಹಾಕುವುದಕ್ಕಿಂತ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಮೇಲು. ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿ, ಪ್ರಿಂಟರ್ ಸರಿಯಿವೆಯೇ ಎಂದು ನೋಡಿ, ಒಪ್ಪಿದರೆ ಮಾತ್ರ ಡಿಸ್ಕ್‌ಗೆ ಇಳಿಸಬಹುದು. ಯುನಿಕೋಡ್ ಕನ್ನಡ ಅದರಲ್ಲಿ ಸರಾಗ. ಪ್ರೊಸೆಸರ್ 64 ಬಿಟ್ ಆಗಿರಬೇಕು ಎಂಬುದನ್ನು ಮರೆಯಬಾರದು. 32 ಬಿಟ್ ಯಂತ್ರಗಳಿಗೆ ಲಿನಕ್ಸ್ ಲೋಕದ ಬಾಗಿಲೂ ಮುಚ್ಚುತ್ತಿದೆ, 2025ರ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ವಿಂಡೋಸ್ 7ರಲ್ಲೇ ಮುಂದುವರಿಯುವವರು ಅದರಲ್ಲಿ ಬರೆಯಲಿ, ಅಚ್ಚು ತೆಗೆಯಲಿ, ಹಾಡು ಕೇಳಲಿ; ಬ್ಯಾಂಕಿನ ವ್ಯವಹಾರವನ್ನು ಮಾತ್ರ ಆ ಯಂತ್ರದಲ್ಲಿ ಮಾಡಬಾರದು.