ಸೂಜಿಗಿಂತ ಮೊದಲು ಹೆಸರು

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ದೊಡ್ಡಾಸ್ಪತ್ರೆಯ ಯಾವುದಾದರೂ ಜನರಲ್ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿ. ರಾತ್ರಿ ಪಾಳಿಯ ಸಿಸ್ಟರ್ ಮುಂದೆ, ಬೆಳಗಿನ ಪಾಳಿಗೆ ಬಂದವರು ಹಿಂದೆ, ಕೈಯಲ್ಲಿ ರಿಪೋರ್ಟ್ ಬುಕ್ಕು. ಒಂದನೇ ಮಂಚದಿಂದ ಕೊನೆಯ ಮಂಚದವರೆಗೆ ನಿಂತು ನಿಂತು ಸಾಗುತ್ತಾರೆ. ಡ್ರಿಪ್ ಬಾಟಲಿಯಲ್ಲಿ ಎಷ್ಟು ಉಳಿದಿದೆ, ಮೂತ್ರದ ಚೀಲದಲ್ಲಿ ಎಷ್ಟು ತುಂಬಿದೆ, ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದ್ದು, ಬ್ಯಾಂಡೇಜು ಒದ್ದೆಯಾಗಿದೆಯೇ ಎಂಬುದನ್ನೆಲ್ಲ ಹೇಳುವವರು ಹೇಳುತ್ತಾರೆ, ಕೇಳುವವರು ಬಗ್ಗಿ ಕಣ್ಣಾರೆ ನೋಡುತ್ತಾರೆ. ಇದೇ ಹ್ಯಾಂಡೋವರ್. ಹನ್ನೆರಡು ಗಂಟೆಯ ರಾತ್ರಿಯನ್ನು ಇನ್ನೊಬ್ಬರ ಕೈಗೆ ದಾಟಿಸುವ ಕೆಲಸ.

ಎಲ್ಲವನ್ನೂ ಮಂಚದ ಪಕ್ಕದಲ್ಲೇ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಜ್ವರ, ನಾಡಿ, ಊಟದ ವಿಷಯ ರೋಗಿಯ ಎದುರಿಗೇ ಆಗುತ್ತದೆ. ಅವರೂ ಕೇಳಿಸಿಕೊಂಡು ‘ಇಲ್ಲ ಸಿಸ್ಟರ್, ಗಂಜಿ ಕುಡಿದಿಲ್ಲ’ ಎಂದು ತಿದ್ದಲಿ ಎಂದೇ ಅದು. ಆದರೆ ವಿಷ ಕುಡಿದು ಬಂದ ಹುಡುಗನ ಮನೆಯ ಜಗಳ, ಎಚ್‌ಐವಿ ವರದಿ, ಗಂಡನ ಮನೆಯವರಿಗೆ ತಿಳಿಯಬಾರದೆಂದು ಹೆಂಗಸೊಬ್ಬಳು ಹೇಳಿಕೊಂಡ ಮಾತು, ಇವನ್ನು ನರ್ಸುಗಳ ಮೇಜಿನ ಬಳಿ ಹೋಗಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಎಚ್‌ಐವಿ ಸಂಗತಿಯಲ್ಲಿ 2017ರ ಕಾಯ್ದೆಯೇ ಗುಟ್ಟು ಕಾಯಬೇಕೆಂದು ವಿಧಿಸಿದೆ. ಉಳಿದದ್ದನ್ನು ಎಲ್ಲಿ, ಎಷ್ಟು ದನಿಯಲ್ಲಿ ಹೇಳಬೇಕೆಂದು ಯಾವ ರಿಪೋರ್ಟ್ ಬುಕ್ಕೂ ತಿಳಿಸುವುದಿಲ್ಲ. ಅದು ಹಿರಿಯ ಸಿಸ್ಟರ್‌ಗಳನ್ನು ನೋಡಿ ನೋಡಿ ಬರಬೇಕಾದ ವಿದ್ಯೆ.

ರೋಗಿಗಳ ಭಾಷೆಯೂ ಹಾಗೇ ಕಲಿಯಬೇಕಾದದ್ದು. ಶಿವಮೊಗ್ಗದ ಸಾಗರ ರಸ್ತೆಯ ಮೆಗ್ಗಾನ್ ಜಿಲ್ಲಾ ಬೋಧನಾ ಆಸ್ಪತ್ರೆಗೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರಗಳಿಂದ ಜನ ಬರುತ್ತಾರೆ, ಪಕ್ಕದ ಜಿಲ್ಲೆಗಳವರೂ ಬರುತ್ತಾರೆ. ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಯ ಭದ್ರಾವತಿಯ ಹದ ಬೇರೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎರಡೂ ಸೇರಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳನ್ನು ಒಂದೇ ಊರಿಗೆ ತಂದವು. ಇಂಥ ಕಡೆ ಕೆಲಸ ಮಾಡುವ ನರ್ಸಿಗೆ ‘ಎಲ್ಲಿ ನೋವು’ ಎಂಬ ಎರಡು ಪದವನ್ನಾದರೂ ನಾಲ್ಕು ಭಾಷೆಯಲ್ಲಿ ಕೇಳಲು ಬರಬೇಕಾಗುತ್ತದೆ.

ಔಷಧಿ ಕೊಡುವ ಹೊತ್ತಿನಲ್ಲಿ ಈ ಕಸುಬಿನ ಸೂಕ್ಷ್ಮ ಚೆನ್ನಾಗಿ ಕಾಣುತ್ತದೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದನ್ನು ನರ್ಸಿಂಗ್ ಶಾಲೆಯಲ್ಲಿ ಮಗ್ಗಿಯಂತೆ ಕಲಿಸುತ್ತಾರೆ. ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ಓದಬೇಕು: ತೆಗೆಯುವಾಗ, ಸಿರಿಂಜಿಗೆ ಎಳೆಯುವ ಮೊದಲು, ತಿರುಗಿ ಇಡುವಾಗ. ಮಂಚದ ಹತ್ತಿರ ಬಂದ ಮೇಲೆ ‘ನೀವು ಗಂಗಮ್ಮ ಅಲ್ವಾ?’ ಎಂದು ಕೇಳಬಾರದು. ಮಂಪರಿನಲ್ಲಿರುವವರು, ಕಿವಿ ಮಂದವಾದವರು ಯಾವ ಹೆಸರು ಹೇಳಿದರೂ ತಲೆಯಾಡಿಸಿಬಿಡುತ್ತಾರೆ. ‘ನಿಮ್ಮ ಹೆಸರೇನಮ್ಮಾ, ಹೇಳಿ’ ಎಂದು ಕೇಳಿ, ಅವರ ಬಾಯಿಂದಲೇ ಹೊರಡಿಸಿ, ಕೇಸ್ ಶೀಟಿನ ಜೊತೆ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥರು, ಮೂವರು ಲಕ್ಷ್ಮಮ್ಮಂದಿರು ಇರುವುದು ನಮ್ಮ ಕಡೆ ಏನೂ ಹೊಸದಲ್ಲ. ಆಗ ಗಂಡನ ಹೆಸರು ಕೇಳಬೇಕಾಗುತ್ತದೆ, ತೊಡಕು ಬರುವುದೇ ಅಲ್ಲಿ. ಹಳ್ಳಿಯ ಎಷ್ಟೋ ಅಜ್ಜಿಯರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಪಳಗಿದ ನರ್ಸು ಗದರುವುದಿಲ್ಲ, ನಗುವುದೂ ಇಲ್ಲ. ಪಕ್ಕದಲ್ಲಿ ಕೂತ ಮೊಮ್ಮಗಳ ಕಡೆ ತಿರುಗಿ, ‘ಅಜ್ಜನ ಹೆಸರೇನು ಪುಟ್ಟಾ?’ ಎನ್ನುತ್ತಾಳೆ. ಅಜ್ಜಿಯ ಮಾನವೂ ಉಳಿಯಿತು, ಔಷಧಿಯೂ ತಪ್ಪಿ ಬೇರೆಯವರಿಗೆ ಹೋಗಲಿಲ್ಲ. ನರ್ಸುಗಳ ಸೌಜನ್ಯವನ್ನು ಬರೀ ಮೃದು ಸ್ವಭಾವ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಅದರೊಳಗೆ ಲೆಕ್ಕಾಚಾರ ಇದೆ.

ರಕ್ತನಾಳಕ್ಕೆ ಕ್ಯಾನುಲಾ ಹಾಕುವುದನ್ನೇ ತೆಗೆದುಕೊಳ್ಳಿ. ಕ್ಯಾನುಲಾ ಎಂದರೆ ಸೂಜಿಯ ಮೇಲೆ ಹೊದಿಸಿದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಬಣ್ಣ ನೋಡಿದರೆ ದಪ್ಪ ತಿಳಿಯುತ್ತದೆ: ಹಸಿರು ದಪ್ಪ, ಗುಲಾಬಿ ಅದಕ್ಕಿಂತ ಸಣ್ಣ, ನೀಲಿ ಇನ್ನೂ ಸಣ್ಣ, ಹಳದಿ ಎಳೆ ಮಕ್ಕಳ ನರಕ್ಕೆ. ಮೊದಲು ಕೈ ಶುಚಿ. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ತೋಳಿಗೆ ಪಟ್ಟಿ ಬಿಗಿದು ನರವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳ ತುದಿಯಿಂದ ಹುಡುಕುತ್ತಾರೆ. ಒತ್ತಿದರೆ ಪುಟಿಯಬೇಕು. ಹಗ್ಗದಂತೆ ಗಟ್ಟಿಯಿದ್ದರೆ ಅದು ಆಗಲೇ ಸೋತ ನರ. ಸ್ಪಿರಿಟ್ ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಮಾತು: ‘ಯಜಮಾನ್ರೇ, ಈಗ ಚುಚ್ತೀನಿ, ಸ್ವಲ್ಪ ನೋಯುತ್ತೆ, ಕೈ ಎಳೀಬೇಡಿ.’ ‘ನೋವೇ ಆಗಲ್ಲ’ ಎಂದು ಒಳ್ಳೆಯ ನರ್ಸು ಹೇಳುವುದಿಲ್ಲ. ಸುಳ್ಳೆಂದು ಮರುಕ್ಷಣವೇ ಗೊತ್ತಾಗುತ್ತದೆ, ಆಮೇಲೆ ಅವಳ ಯಾವ ಮಾತನ್ನೂ ರೋಗಿ ನಂಬುವುದಿಲ್ಲ. ಚರ್ಮವನ್ನು ಹೆಬ್ಬೆರಳಿಂದ ಎಳೆದು ಹಿಡಿದು, ಸೂಜಿಯನ್ನು ಓರೆಯಾಗಿ ತೂರಿಸಿ, ಹಿಂದಿನ ಕೋಣೆಯಲ್ಲಿ ರಕ್ತ ಇಣುಕಿದ ಕೂಡಲೇ ಸೂಜಿಯನ್ನು ತಡೆದು ಕೊಳವೆಯನ್ನಷ್ಟೇ ಮುಂದೆ ಜಾರಿಸಬೇಕು. ಪಟ್ಟಿ ಬಿಚ್ಚಿ, ಸೂಜಿ ಹೊರತೆಗೆದು, ಅದಕ್ಕೆ ಮತ್ತೆ ಮುಚ್ಚಳ ಹಾಕದೆ ನೇರ ಸೂಜಿಯ ಡಬ್ಬಿಗೆ ಬಿಡಬೇಕು. ಕಸ ಎತ್ತುವವರ ಕೈಗೆ ಅದು ಚುಚ್ಚಬಾರದು.

ಇನ್ನು ಹನಿಯ ಲೆಕ್ಕ. 500 ಮಿಲಿಲೀಟರ್ ಬಾಟಲಿ ಎಂಟು ಗಂಟೆಯಲ್ಲಿ ಮುಗಿಯಬೇಕು, 20 ಹನಿಗೆ ಒಂದು ಮಿಲಿಲೀಟರ್ ಬೀಳುವ ಸೆಟ್ಟು ಎಂದುಕೊಳ್ಳಿ. ಒಟ್ಟು 10,000 ಹನಿ, 480 ನಿಮಿಷ, ನಿಮಿಷಕ್ಕೆ ಹೆಚ್ಚುಕಡಿಮೆ 21. ಕೈಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತ, ಸಣ್ಣ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಆ 21ಕ್ಕೆ ತರುತ್ತಾರೆ. ಹೊರಗಿನಿಂದ ನೋಡುವವರಿಗೆ ಸಿಸ್ಟರ್ ಸುಮ್ಮನೆ ಬಾಟಲಿ ನೋಡುತ್ತ ನಿಂತಿದ್ದಾರೆ ಅನ್ನಿಸುತ್ತದೆ.

ಆಪರೇಷನ್ನಿಗೆ ಕಳಿಸುವ ಮೊದಲು ಒಡವೆ ಬಿಚ್ಚಿಸುವ ಕೆಲಸವೊಂದಿದೆ. ಬಳೆ, ಮೂಗುಬೊಟ್ಟು, ಕಾಲುಂಗುರ ಎಲ್ಲವನ್ನೂ ಮನೆಯವರ ಎದುರಿಗೇ ಎಣಿಸಿ, ಬರೆದು, ಸಹಿ ಹಾಕಿಸಿ ಕೊಡಬೇಕು. ‘ಚಿನ್ನದ ಉಂಗುರ’ ಎಂದು ಬರೆಯದೆ ‘ಹಳದಿ ಲೋಹದ ಉಂಗುರ’ ಎಂದು ಬರೆಯುವುದು ಜಾಣ ರೂಢಿ, ಏಕೆಂದರೆ ನರ್ಸು ಅಕ್ಕಸಾಲಿಯಲ್ಲ. ತಾಳಿಯ ಮಾತು ಬಂದಾಗ ಹೆಂಗಸರು ಕಣ್ಣು ತುಂಬಿಕೊಳ್ಳುತ್ತಾರೆ. ಲೋಹ ಏಕೆ ಮೈಮೇಲೆ ಇರಬಾರದು ಎಂದು ತಿಳಿಸಿ, ಅರಿಶಿನದ ದಾರ ಸಾಕೇ ಎಂದು ಕೇಳಿ, ಅದೂ ಆಗದಿದ್ದರೆ ಡಾಕ್ಟರನ್ನು ಕೇಳಿ ಪ್ಲಾಸ್ಟರಿನಿಂದ ಮುಚ್ಚಿ ಕಳಿಸುವುದುಂಟು.

ಹೆರಿಗೆ ವಾರ್ಡಿನಲ್ಲಿ ಮಗುವನ್ನು ಮೊದಲು ತಾಯಿಗೆ ತೋರಿಸಿ, ‘ಯಾವ ಮಗು, ನೀವೇ ಹೇಳಿ’ ಎಂದು ಅವಳಿಂದಲೇ ಹೇಳಿಸುತ್ತಾರೆ. ಮಗು ಬದಲಾಯಿತೆಂಬ ಅನುಮಾನಕ್ಕೆ ಎಡೆಯಿಲ್ಲ. ಆಮೇಲೆ ಹೊರಗೆ ಕಾದವರಿಗೆ ಸುದ್ದಿ ಹೇಳುವಾಗ ಗಂಡಾದರೂ ಹೆಣ್ಣಾದರೂ ದನಿ ಒಂದೇ ಇರಬೇಕು. ‘ಖುಷಿಗೆ’ ಎಂದು ಮಡಚಿದ ನೋಟು ಮುಂದೆ ಬರುವುದೂ ಆ ಗಳಿಗೆಯಲ್ಲೇ. ಕೊಟ್ಟವರ ಮನಸ್ಸು ಮುರಿಯದಂತೆ ಅದನ್ನು ಹಿಂದಿರುಗಿಸುವುದು ಕ್ಯಾನುಲಾ ಹಾಕುವುದಕ್ಕಿಂತ ಕಷ್ಟ ಎಂದರೆ ಅತಿಶಯವಲ್ಲ.

ರೋಗಿಯನ್ನು ಮುಟ್ಟಲು ಎಲ್ಲಿ ಅಂಜಬೇಕಿಲ್ಲ ಎಂಬ ತಿಳಿವೂ ಈ ಕಸುಬಿನದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಬೇಸಿಗೆ ಹತ್ತಿರವಾದಾಗ ಮಲೆನಾಡನ್ನು ಇಂದಿಗೂ ಕಾಡುತ್ತದೆ. ಅದು ಹರಡುವುದು ಉಣುಗು ಕಚ್ಚುವುದರಿಂದ, ರೋಗಿಯನ್ನು ಮುಟ್ಟುವುದರಿಂದಲ್ಲ. ಇದನ್ನು ತಿಳಿದ ನರ್ಸು ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದರೆ, ಬಾಗಿಲಲ್ಲೇ ನಿಂತ ನೆಂಟರೂ ಒಳಗೆ ಬರುತ್ತಾರೆ.

ಇಷ್ಟನ್ನು ಕಲಿಯಲು ಜಿಎನ್‌ಎಂ ಆದರೆ ಮೂರು ವರ್ಷ, ಬಿಎಸ್ಸಿ ಆದರೆ ನಾಲ್ಕು ವರ್ಷ. ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭವೂ ಉಂಟು. ನೈಟಿಂಗೇಲ್ ಪ್ರತಿಜ್ಞೆ ಎಂದು ಹೆಸರಾದರೂ ಅದನ್ನು ಬರೆದದ್ದು ಆಕೆಯಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ಸಿದ್ಧಪಡಿಸಿದ್ದು. ಅಂತರರಾಷ್ಟ್ರೀಯ ದಾದಿಯರ ಮಂಡಳಿಯ ನೀತಿಸಂಹಿತೆ ಬಂದದ್ದು 1953ರಲ್ಲಿ. ಪರೀಕ್ಷೆ ಪಾಸಾದವರು ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ನರ್ಸು.

ಕೊನೆಯ ಸೇವೆ ಒಂದುಂಟು, ಅದನ್ನು ಹೊರಗಿನವರು ನೋಡುವುದೇ ಇಲ್ಲ. ಜೀವ ಹೋದ ಮೇಲೆ ಪರದೆ ಎಳೆದು, ಕೊಳವೆಗಳನ್ನೆಲ್ಲ ತೆಗೆದು, ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಮೈ ಒರೆಸುತ್ತಾರೆ. ಬದುಕಿದ್ದಾಗ ‘ಅಜ್ಜಾ’ ಎಂದು ಕರೆದವರು ಆಗಲೂ ‘ಅಜ್ಜಾ, ಸ್ವಲ್ಪ ಹೊರಳಿಸ್ತೀವಿ’ ಎಂದೇ ಹೇಳಿ ಹೊರಳಿಸುವುದುಂಟು.

ನೆಂಟರನ್ನು ನೋಡಲು ಆಸ್ಪತ್ರೆಗೆ ಹೋದಾಗ ಒಂದು ಉಪಕಾರ ಮಾಡಿ. ಟ್ರಾಲಿಯ ಬಳಿ ನಿಂತು ಸಿರಿಂಜಿಗೆ ಔಷಧಿ ಎಳೆಯಲು ಹೊರಟ ಸಿಸ್ಟರನ್ನು ಆಗ ಮಾತಾಡಿಸಬೇಡಿ. ಅವರು ಚೀಟಿ ಓದುತ್ತಿದ್ದಾರೆ, ಇನ್ನೂ ಎರಡನೇ ಸಲ.