ದುಡಿಯುವ ಮೈಗೊಂದು ಕವಚ: ಕಾರ್‌ಹಾರ್ಟ್ ಮನೆತನದ ಸೂಜಿಕಾಯಕ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವೇ ಶರಣರ ಹೆಸರಿಗೆ ಭೂಷಣವಾಗಿತ್ತು. ಸೂಜಿಕಾಯಕದ ರಾಮಿತಂದೆಗಳು ಬಟ್ಟೆ ಹೊಲಿಯುತ್ತಲೇ ಅನುಭಾವಿಗಳ ಸಾಲಿನಲ್ಲಿ ಕುಳಿತವರು. ಹೊಲಿಗೆಯಂತಹ ವೃತ್ತಿಯೂ ಸತ್ಯಶುದ್ಧವಾಗಿದ್ದರೆ ಪೂಜೆಗೆ ಸಮವೆಂಬುದು ಶರಣರು ತೋರಿದ ದಾರಿ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಸಾಗರದಾಚೆಯ ಅಮೆರಿಕದಲ್ಲಿ ಸೂಜಿ ಹಿಡಿದೇ ಬಾಳಿದ ಒಂದು ಮನೆತನದ ಕಥೆಯನ್ನು ನಮ್ಮ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಆ ಮನೆತನದವರು ಶರಣರ ಹೆಸರನ್ನು ಕೇಳಿದವರೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಸಮಾಜದಲ್ಲಿ ಅಂಗಡಿ, ಗಿರಣಿ, ಮಗ್ಗಗಳನ್ನು ಮನೆತನದ ಉದ್ಯೋಗವಾಗಿ ನಡೆಸಿಕೊಂಡು ಬಂದ ಕುಟುಂಬಗಳು ಬಹಳ. ಅಜ್ಜ ಕಟ್ಟಿದ್ದನ್ನು ಮೊಮ್ಮಗ ಉಳಿಸಿಯಾನೇ ಎಂಬ ಚಿಂತೆ ಆ ಎಲ್ಲ ಮನೆಗಳಲ್ಲೂ ಉಂಟು. ಈ ಕಥೆ ಅವರಿಗೆ ಸಲ್ಲತಕ್ಕದ್ದು.

ಕೇಳಿ ಹೊಲಿದ ಉಡುಪು

ಹ್ಯಾಮಿಲ್ಟನ್ ಕಾರ್‌ಹಾರ್ಟ್ ಹುಟ್ಟಿದ್ದು 1855ರಲ್ಲಿ, ನ್ಯೂಯಾರ್ಕ್ ಸಂಸ್ಥಾನದಲ್ಲಿ. ಬೆಳೆದದ್ದು ಮಿಷಿಗನ್ ಸಂಸ್ಥಾನದಲ್ಲಿ. ಮೊದಲಿಗೆ ಪೀಠೋಪಕರಣಗಳ ವ್ಯಾಪಾರ ಮಾಡಿದ ಆತ, 1889ರಲ್ಲಿ ಡೆಟ್ರಾಯಿಟ್ ನಗರದ ಒಂದು ಅಟ್ಟದ ಮೇಲೆ ಕೆಲವೇ ಹೊಲಿಗೆಯಂತ್ರಗಳನ್ನೂ ಅವನ್ನು ತಿರುಗಿಸಲು ಅರ್ಧ ಅಶ್ವಶಕ್ತಿಯ ವಿದ್ಯುತ್ ಮೋಟಾರೊಂದನ್ನೂ ಇಟ್ಟುಕೊಂಡು ದುಡಿಮೆಗಾರರ ಉಡುಪಿನ ತಯಾರಿಕೆಗೆ ಇಳಿದನು.

ಆರಂಭದಲ್ಲಿ ಕೈಗೆ ಹತ್ತಿದ್ದು ಸೋಲು. ಆಗ ಆತ ಮಾಡಿದ ಕೆಲಸ ಇಂದಿಗೂ ಗಮನಾರ್ಹವಾದುದು. ಡೆಟ್ರಾಯಿಟ್ ಅಂದು ರೈಲುಮಾರ್ಗಗಳು ಕೂಡುವ ಊರು. ಆತ ನೇರವಾಗಿ ರೈಲ್ವೆ ಕೆಲಸಗಾರರ ಬಳಿಗೆ ಹೋಗಿ, ಅವರಿಗೆ ಎಂತಹ ಉಡುಪು ಬೇಕೆಂದು ವಿಚಾರಿಸಿದನು. ಉಗಿಬಂಡಿಯ ಒಲೆಗೆ ಕಲ್ಲಿದ್ದಲು ತುಂಬುವವನ ಮೈಮೇಲೆ ಕಿಡಿ ಹಾರುತ್ತದೆ, ಎಣ್ಣೆ ಮತ್ತು ಮಸಿ ಮೆತ್ತಿಕೊಳ್ಳುತ್ತವೆ. ಬಗ್ಗಿ ಏಳುವಾಗ ಸಾಮಾನ್ಯ ಷರಾಯಿ ಸೀಳುತ್ತದೆ. ಈ ಕಷ್ಟಗಳಿಗೆ ಉತ್ತರವಾಗಿ ರೂಪುಗೊಂಡದ್ದೇ ಎದೆಯನ್ನೂ ಮುಚ್ಚುವ, ಹೆಗಲಪಟ್ಟಿಯಿಂದ ತೂಗುವ ಓವರಾಲ್. ಸೊಂಟಕ್ಕೆ ಬಿಗಿಪಟ್ಟಿ ಬೇಡ. ಮೈ ಆಡಿಸಲು ಸಡಿಲ. ಎದೆಯ ಬಳಿ ಗಡಿಯಾರಕ್ಕೂ ಪೆನ್ಸಿಲಿಗೂ ಜೇಬು. ಪ್ರಾಮಾಣಿಕ ಹಣಕ್ಕೆ ಪ್ರಾಮಾಣಿಕ ಮಾಲು ಎಂಬುದು ಆತನ ಘೋಷವಾಕ್ಯವಾಯಿತು. ಉಡುವವನನ್ನು ಕೇಳಿ ಹೊಲಿಯುವುದು ಆ ಮನೆಯ ಮೊದಲ ಪಾಠ.

ಬಟ್ಟೆಯೊಳಗಿನ ರಕ್ಷಣೆ

ರಕ್ಷಣೆ ಎಂಬುದು ಬಟ್ಟೆಯ ನೇಯ್ಗೆಯಿಂದಲೇ ಆರಂಭವಾಗುತ್ತದೆ. ಈ ಕಾರ್ಖಾನೆಯ ಹೆಸರು ಬೆಸೆದುಕೊಂಡಿರುವುದು 'ಡಕ್' ಎಂಬ ಕಂದು ಬಣ್ಣದ ಹತ್ತಿಯ ಕ್ಯಾನ್ವಾಸಿನೊಡನೆ. ಇದು ಒತ್ತಾಗಿ ನೇಯ್ದ ದಪ್ಪ ಬಟ್ಟೆ. ಹೊಸತರಲ್ಲಿ ಹಲಗೆಯಂತೆ ಬಿರುಸು; ಒಗೆದು ಉಟ್ಟಂತೆ ಮೈಗೆ ಹೊಂದಿಕೊಳ್ಳುತ್ತದೆ. ನೇಯ್ಗೆ ಒತ್ತಾಗಿರುವುದರಿಂದ ಗಾಳಿಯೂ ಮುಳ್ಳೂ ಸುಲಭವಾಗಿ ಒಳಹೊಗುವುದಿಲ್ಲ. ಮುಖ್ಯ ಜೋಡಣೆಗಳಿಗೆ ಮೂರು ಸಾಲು ಹೊಲಿಗೆ, ಜಗ್ಗುವ ಕಡೆ ಲೋಹದ ಗುಬ್ಬಿ, ಮೊಣಕಾಲಿಗೆ ಇಮ್ಮಡಿ ಬಟ್ಟೆ: ಉಡುಪು ಎಲ್ಲಿ ಮೊದಲು ಹರಿಯುವುದೋ ಅಲ್ಲಿಗೇ ಹೆಚ್ಚಿನ ಶ್ರಮ.

ಮುಂದೆ ತೈಲ ಮತ್ತು ವಿದ್ಯುತ್ ಕ್ಷೇತ್ರದವರಿಗಾಗಿ ಬೆಂಕಿ ತಡೆಯುವ ಉಡುಪುಗಳೂ ಬಂದವು. ಇದರ ಮರ್ಮವನ್ನು ಗೃಹಿಣಿಯರೂ ಅರಿತಿರಬೇಕು. ನೈಲಾನ್, ಪಾಲಿಯೆಸ್ಟರ್‌ಗಳು ಉರಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿ ಉರಿಯುತ್ತದೆಯೇ ಹೊರತು ಕರಗುವುದಿಲ್ಲ. ರಾಸಾಯನಿಕ ಸಂಸ್ಕಾರ ಪಡೆದ ಹತ್ತಿಯಂತೂ ಜ್ವಾಲೆಯನ್ನು ದೂರ ಸರಿಸಿದೊಡನೆ ತಾನೇ ಆರಿಹೋಗುತ್ತದೆ. ಆ ಕೆಲವು ಕ್ಷಣಗಳೇ ಒಬ್ಬ ಕೆಲಸಗಾರನ ಪ್ರಾಣದ ಬೆಲೆ.

ಏರಿದ್ದು, ಇಳಿದದ್ದು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮನೆತನದ ಭಾಗ್ಯ ಏರುತ್ತ ಹೋಯಿತು. ಅಟ್ಲಾಂಟಾ, ಡಲ್ಲಾಸ್, ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹೊಲಿಗೆಯ ಶಾಲೆಗಳು ಎದ್ದವು. ದಕ್ಷಿಣ ಕೆರೊಲಿನಾದ ರಾಕ್ ಹಿಲ್‌ನಲ್ಲಿ ಸ್ವಂತ ಬಟ್ಟೆಗಿರಣಿಯೂ ಆಯಿತು. ಕಾರ್ಮಿಕ ಸಂಘಗಳನ್ನು ಕಂಡರೆ ಧಣಿಗಳು ಸಿಡುಕುತ್ತಿದ್ದ ಆ ಕಾಲದಲ್ಲಿ ಹ್ಯಾಮಿಲ್ಟನ್ ತನ್ನ ಉಡುಪಿನ ಮೇಲೆ ಸಂಘದ ಮುದ್ರೆಯನ್ನು ಹೆಮ್ಮೆಯಿಂದ ಹೊಲಿಸಿದನು. ಮೊದಲ ಮಹಾಯುದ್ಧದಲ್ಲಿ ಅವನ ಕಾರ್ಖಾನೆಗಳು ಸೈನಿಕರ ಸಮವಸ್ತ್ರಗಳನ್ನೂ ಒದಗಿಸಿದವು.

ಯುದ್ಧ ಮುಗಿದ ಬಳಿಕ ಗಾಳಿ ತಿರುಗಿತು. 1920ರಲ್ಲಿ ಅಮೆರಿಕದ ಹತ್ತಿಯ ಬೆಲೆ ತಿಂಗಳುಗಳೊಳಗೆ ನೆಲಕಚ್ಚಿತು. ಕಾಯಿ ಕೊರೆಯುವ ಕೀಟ ಹೊಲಗಳನ್ನು ಹಾಳುಗೆಡವುತ್ತಿತ್ತು. ನೂಲು, ನೇಯ್ಗೆ, ಹೊಲಿಗೆ ಎಲ್ಲಕ್ಕೂ ಕೈಚಾಚಿದ್ದ ಮನೆತನಕ್ಕೆ ಈ ಪೆಟ್ಟು ಬಲವಾಗಿಯೇ ಬಿತ್ತು. 1929ರ ನಂತರದ ಮಹಾ ಮುಗ್ಗಟ್ಟಿನ ಹೊತ್ತಿಗೆ ದೇಶದೇಶಗಳ ಕಾರ್ಖಾನೆಗಳು ಕೈಬಿಟ್ಟು ಅಟ್ಲಾಂಟಾ, ಡಲ್ಲಾಸ್, ಡೆಟ್ರಾಯಿಟ್‌ಗಳಷ್ಟೇ ಉಳಿದವು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ನಮ್ಮ ಹಿರಿಯರ ಮಾತು ಡೆಟ್ರಾಯಿಟ್‌ಗೂ ಸಲ್ಲುತ್ತದೆ.

ಎಪ್ಪತ್ತೇಳು ವರ್ಷದ ಆ ಮುದುಕ ಆಗಲೂ ಕೈಕಟ್ಟಿ ಕೂರಲಿಲ್ಲ. 1932ರಲ್ಲಿ ಕೆಂಟಕಿ ಸಂಸ್ಥಾನದ ಅರ್ವೈನ್ ಎಂಬ ಸಣ್ಣ ಊರಿನಲ್ಲಿ ಹೊಸ ಕಾರ್ಖಾನೆಯನ್ನು ತೆರೆದನು. ದುಡಿಮೆ ಸಿಗದೆ ಜನ ಕಂಗಾಲಾಗಿದ್ದ ವರ್ಷವದು. ಐದು ವರ್ಷಗಳ ತರುವಾಯ, 1937ರಲ್ಲಿ, ಮೋಟಾರು ಅಪಘಾತದಿಂದ ಆತ ತೀರಿಕೊಂಡನು.

ಮಗಳ ಮನೆಯಲ್ಲಿ ಉಳಿದ ದೀಪ

ಮಗ ವೈಲಿ ಕಾರ್‌ಹಾರ್ಟ್ ಉಳಿದದ್ದನ್ನು ಜತನವಾಗಿ ಕಾಯ್ದನು. 1959ರಲ್ಲಿ ಹೊಣೆ ವೈಲಿಯ ಮಗಳು ಗ್ರೆಚೆನ್ನಳ ಪತಿ ರಾಬರ್ಟ್ ವಲೇಡ್‌ಗೆ ಬಂತು. 1970ರ ದಶಕದಲ್ಲಿ ಅಲಾಸ್ಕಾದ ಹಿಮಭೂಮಿಯ ಮೇಲೆ ಸುಮಾರು 1,300 ಕಿಲೋಮೀಟರ್ ಉದ್ದದ ತೈಲ ಕೊಳವೆಮಾರ್ಗ ಹಾಕಿದಾಗ, ಕಡುಚಳಿಯಲ್ಲಿ ದುಡಿದವರ ಮೈಮೇಲೆ ಈ ಕಂದು ಬಟ್ಟೆಯ ಅಂಗಿಗಳಿದ್ದವು. ಹೆಸರು ಮತ್ತೆ ಬೆಳಗಿತು. 1998ರಲ್ಲಿ ರಾಬರ್ಟ್ ತೀರಿಕೊಂಡ ಮೇಲೆ ಮಗ ಮಾರ್ಕ್ ವಲೇಡ್ ಮುಂದೆ ನಿಂತನು. ಗ್ರೆಚೆನ್ 2022ರ ಕೊನೆಯಲ್ಲಿ, 97ನೆಯ ವಯಸ್ಸಿನಲ್ಲಿ, ಕಣ್ಮುಚ್ಚಿದಳು. ಡೆಟ್ರಾಯಿಟಿನ ಜಾಝ್ ಸಂಗೀತೋತ್ಸವ ನಿಂತುಹೋಗುವ ಹಂತ ತಲುಪಿದಾಗ, ತನ್ನ ಸಂಪತ್ತಿನಿಂದ ಅದಕ್ಕೆ ದತ್ತಿನಿಧಿ ಇಟ್ಟು ಉಳಿಸಿದ ಹೆಣ್ಣುಮಗಳು ಆಕೆ. ಕಾಯಕದ ಫಲ ಊರಿಗೂ ಸಂದಿತು.

ಇಲ್ಲಿ ನಮ್ಮ ಮನೆಗಳವರು ಒಂದು ಮಾತನ್ನು ಗಮನಿಸಬೇಕು. ಎರಡು ತಲೆಮಾರಿನ ಬಳಿಕ ಅಡ್ಡಹೆಸರು ಬದಲಾಯಿತು, ಕಾಯಕ ಬದಲಾಗಲಿಲ್ಲ. ಮಗಳ ಮನೆಗೆ ಹೋದರೆ ಆಸ್ತಿ ಹೊರಗೆ ಹೋಯಿತೆಂದು ಹಲುಬುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಣ್ಣು ಗಂಡೆಂಬ ಭೇದವನ್ನು ಅಲ್ಲಗಳೆದ ಬಸವಣ್ಣನವರ ಪರಂಪರೆಯಲ್ಲಿ ನಿಂತು ಹಾಗೆ ಹಲುಬುವುದು ಸರಿಯೇ?

ಇದನ್ನು ಬರಿಯ ಹೊಗಳಿಕೆಯಾಗಿಸಲು ನಮಗೆ ಇಷ್ಟವಿಲ್ಲ. ಹೆಣ್ಣುಮಕ್ಕಳ ಅಳತೆಗೆ ತಕ್ಕ ಉಡುಪಿನ ಸಾಲನ್ನು ಈ ಕಾರ್ಖಾನೆ ಆರಂಭಿಸಿದ್ದು 2007ರಲ್ಲಿ. ಅಲ್ಲಿಯವರೆಗೆ ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರು ಗಂಡಸರ ಅಳತೆಯನ್ನೇ ಮಡಚಿ ಉಡಬೇಕಿತ್ತು. ಕೇಳಿ ಹೊಲಿಯುವ ಮನೆ ಅರ್ಧ ಜನರನ್ನು ಕೇಳಲು ನೂರು ವರ್ಷಕ್ಕೂ ಮಿಕ್ಕಿ ತಡಮಾಡಿತು. ಕೆಂಟಕಿ, ಟೆನೆಸ್ಸಿಗಳಲ್ಲಿ ಹೊಲಿಗೆ ನಡೆದಿದ್ದರೂ ಇಂದು ಅದರ ಮಾಲಿನ ದೊಡ್ಡ ಪಾಲು ಹೊರದೇಶಗಳಲ್ಲಿ ಸಿದ್ಧವಾಗುತ್ತದೆ. ಹೊಲಿಯುವ ಆ ದೂರದ ಕೈಗಳಿಗೂ ನ್ಯಾಯದ ಕೂಲಿ ಸಲ್ಲಬೇಕೆಂಬ ಪ್ರಶ್ನೆ ಯಾವ ಉಡುಪಿನ ಧಣಿಯನ್ನೂ ಬಿಟ್ಟದ್ದಲ್ಲ.

ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಸಾಕೆಂಬ ಅರಿವು ಆ ತಾಯಿಗೆ ಸಹಜವಾಗಿ ಇತ್ತು. ಹ್ಯಾಮಿಲ್ಟನ್‌ಗೆ ಅದನ್ನು ಕಾರ್ಖಾನೆಗಳನ್ನು ಕಳೆದುಕೊಂಡು ಕಲಿಯಬೇಕಾಯಿತು. ಉಳಿದದ್ದು ಮಾತ್ರ ಅಟ್ಟದ ಮೇಲಿನ ಮೊದಲ ಪಾಠದ ಬಲದಿಂದ ಉಳಿಯಿತು. ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ದಿನಕ್ಕೊಮ್ಮೆಯಾದರೂ ಎದುರು ನಿಂತ ಗಿರಾಕಿಯನ್ನು, ಹಿಂದೆ ದುಡಿಯುವ ಆಳನ್ನು, ಮನೆಯ ಮಗಳನ್ನು ಕೇಳಲಿ. ಅಜ್ಜ ಕಟ್ಟಿದ್ದು ಉಳಿಯುವ ದಾರಿ ಆ ಉತ್ತರಗಳಲ್ಲಿ ಇದೆಯೆಂದು ನಾವು ನಂಬುತ್ತೇವೆ.